ಸೋಪಿನ ಡಬ್ಬಿಯ ಹಲೋ

"ಅಂಗಡಿಯಲ್ಲಿ ಸಿಗೋ ಸೆಟ್ಟು ಯಾಕೆ, ನಾನಿಲ್ವಾ? ಒಂದು ತಿಂಗಳು ಕೊಡಿ. ಕಿವಿಗೆ ಹಾಕ್ಕೊಂಡ್ರೆ ತೆಗೆಯೋಕೇ ಮನಸ್ಸು ಬರಬಾರದು, ಅಂಥದ್ದು ಮಾಡಿಕೊಡ್ತೀನಿ!"

ಹೀಗೆ ತುಂಬಿದ ಸಭೆಯಲ್ಲಿ ಎದೆ ತಟ್ಟಿಕೊಂಡವರು ಲೈಟಣ್ಣ. ತುಂಬಿದ ಸಭೆ ಅಂದರೆ ಮೂರು ಜನ. ತಂಡವನ್ನು ಕಣ್ಣಲ್ಲೇ ಆಳುವ ಮ್ಯಾನೇಜರಮ್ಮ, ಹಗ್ಗ ಎಳೆಯುವ ಪರದೆಯಪ್ಪ, ಕೋಲು ಕೊಡೆ ಪತ್ರ ಪಿಸ್ತೂಲುಗಳನ್ನೆಲ್ಲ ಕಾಯುವ ಸಾಮಾನಕ್ಕ. ನಾಟಕದಲ್ಲಿ ಈ ಮೂವರೂ ವೇದಿಕೆಯ ಪಕ್ಕದಲ್ಲಿರುತ್ತಾರೆ. ಲೈಟಣ್ಣ ಮಾತ್ರ ಸಭಾಂಗಣದ ಇನ್ನೊಂದು ತುದಿಯಲ್ಲಿ, ಕಬ್ಬಿಣದ ಏಣಿ ಹತ್ತಿ ಸೇರಬೇಕಾದ ಗೂಡಿನೊಳಗೆ. ಮುಂದೆ ಗಾಜು, ಒಳಗೊಂದು ಸ್ಟೂಲು, ಸ್ಟೂಲಿನ ಮೇಲೆ ಲೈಟಣ್ಣ. ಆರು ವರ್ಷದಿಂದ ಇದೇ ವ್ಯವಸ್ಥೆ.

ಇಷ್ಟು ದಿನ ಅವರಿಗೂ ಕೆಳಗಿನವರಿಗೂ ಇದ್ದ ಸಂಬಂಧ ಒಂದು ಟಾರ್ಚಿನದು. ಮ್ಯಾನೇಜರಮ್ಮ ಒಂದು ಸಲ ಮಿಟುಕಿಸಿದರೆ ದೀಪ ಏರಿಸಬೇಕು, ಎರಡು ಸಲ ಮಿಟುಕಿಸಿದರೆ ಇಳಿಸಬೇಕು. ಹೋದ ನಾಟಕದಲ್ಲಿ ಆಕೆಯ ಓಲೆ ಕಳಚಿಬಿತ್ತು. ಟಾರ್ಚು ಹಿಡಿದು ಹುಡುಕಿದರು. ಲೈಟಣ್ಣ ನಿಷ್ಠಾವಂತ ಮನುಷ್ಯ, ಮಹಾರಾಜನ ಆಸ್ಥಾನದಲ್ಲಿ ಹದಿನಾಲ್ಕು ಸಲ ಹಗಲು ರಾತ್ರಿ ಮಾಡಿಬಿಟ್ಟರು! ಅದಾದ ಮೇಲೇ ಕಿವಿಗೆ ಹಾಕಿಕೊಂಡು ಮಾತಾಡುವ ಸೆಟ್ಟಿನ ಪ್ರಸ್ತಾಪ ಬಂದದ್ದು.

ಒಂದೇ ಪ್ರದರ್ಶನ ನೋಡ್ತೀನಿ, ಎಡವಟ್ಟಾದರೆ ಮತ್ತೆ ಟಾರ್ಚೇ ಗತಿ ಅಂದರು ಮ್ಯಾನೇಜರಮ್ಮ. ಇನ್ನೊಂದು ಕಟ್ಟಪ್ಪಣೆಯೂ ಆಯಿತು: ಲೈನಿನಲ್ಲಿ ಹರಟೆ ಕೂಡದು. ಆಕೆ "ದೀಪ, ತಯಾರಾ?" ಅಂದರೆ "ತಯಾರು" ಅನ್ನಬೇಕು, ಅಷ್ಟೆ.

ಅಷ್ಟೇ ಸಾಕಾಗಿತ್ತು ಲೈಟಣ್ಣನಿಗೆ. ಹೆಂಡತಿ ತೀರಿಕೊಂಡು ಮೂರು ವರ್ಷ. ಮನೆಯಲ್ಲಿ ಮಾತಾಡಿಸುವವರಿಲ್ಲ, ಗೂಡಿನಲ್ಲಂತೂ ಇಲ್ಲವೇ ಇಲ್ಲ. ಒಂದು ನಾಟಕಕ್ಕೆ ನಾಲ್ಕು ಸಲ ಯಾರಾದರೂ ಕಿವಿಯಲ್ಲಿ "ತಯಾರಾ?" ಅಂತ ಕೇಳಿದರೆ ಬೇಡ ಅನ್ನುತ್ತಾರೆಯೇ? ಮತ್ತೆ ಟಾರ್ಚಿನ ಕಾಲಕ್ಕೆ ಹೋಗುವುದು ಮಾತ್ರ ಅವರಿಗೆ ಸುತರಾಂ ಬೇಡವಾಗಿತ್ತು.

ಕೆಲಸ ಶುರುವಾಯಿತು. ಊಟದ ಮೇಜಿನ ತುಂಬ ವೈರು, ಹಳೆಯ ಟೆಲಿಫೋನಿನ ಕರುಳು, ಕಿವಿಗೆ ಹಾಕುವ ಹೆಡ್‌ಫೋನು. ಸೊಂಟಕ್ಕೆ ಸಿಕ್ಕಿಸುವ ಪೆಟ್ಟಿಗೆಗೆ ಸೋಪಿನ ಡಬ್ಬಿಗಳು! ಗುಲಾಬಿ, ಹಸಿರು, ನೀಲಿ, ಬಿಳಿ. ಪ್ರತಿ ಡಬ್ಬಿಗೂ ಒಂದು ಸ್ವಿಚ್ಚು: ಹಾಕಿದರೆ ನಿಮ್ಮ ಮಾತು ಎಲ್ಲರಿಗೂ ಕೇಳುತ್ತದೆ, ತೆಗೆದರೆ ನಿಮ್ಮ ಪಾಡಿಗೆ ನೀವು. ತಮ್ಮ ದನಿ ತಮ್ಮ ಕಿವಿಗೇ ಬಂದು ಬಡಿಯುವುದು ಲೈಟಣ್ಣನಿಗೆ ಕಿರಿಕಿರಿ. ಅದನ್ನೂ ಬರದಂತೆ ಮಾಡಿದರು. ಮಾಡಿ ಬೀಗಿದರು.

ಮೂರು ಡಬ್ಬಿಗಳ ಪರೀಕ್ಷೆ ಸುಸೂತ್ರವಾಗಿ ಮುಗಿಯಿತು. ನಡುಮನೆಯಲ್ಲಿ ಡಬ್ಬಿಯ ಮೈಕಿನ ಮುಂದೆ ರೇಡಿಯೋ ಹಚ್ಚಿಡುವುದು, ಅಡುಗೆಮನೆಯಲ್ಲಿ ನಿಂತು ಕೇಳುವುದು, ಓಡಿಬಂದು ಸ್ವಿಚ್ಚು ತೆಗೆಯುವುದು, ಮತ್ತೆ ಹೋಗಿ ಕೇಳುವುದು. ಆದರೆ ನಾಲ್ಕನೆಯದು, ಅಂದರೆ ತಮ್ಮದೇ ಬಿಳಿ ಡಬ್ಬಿ, ಸಿದ್ಧವಾದದ್ದು ಪ್ರದರ್ಶನದ ದಿನ ಬೆಳಿಗ್ಗೆ. ಸೆಲ್ಲು ಸಾಲದೆ ರೇಡಿಯೋದ ಸೆಲ್ಲುಗಳನ್ನೇ ಕಿತ್ತು ಅದಕ್ಕೆ ಹಾಕಿದ್ದರು. ಇನ್ನು ಮೈಕಿನ ಮುಂದೆ ಮಾತಾಡುವವರು ಯಾರು? ತಾವೇ! ಸ್ವಿಚ್ಚು ತೆಗೆದು, ನಡುಮನೆಯಲ್ಲಿ ನಿಂತು "ಹಲೋ, ಹಲೋ" ಅಂದರು. ಪಂಚೆ ಎತ್ತಿ ಕಟ್ಟಿ ಅಡುಗೆಮನೆಗೆ ಓಡಿದರು. ಅಲ್ಲಿದ್ದ ಇನ್ನೊಂದು ಡಬ್ಬಿಯ ಹೆಡ್‌ಫೋನು ಕಿವಿಗಿಟ್ಟು ಕೇಳಿದರು.

ಗಪ್‌ಚುಪ್! ಒಂದು ಪಿಸುಮಾತೂ ಇಲ್ಲ!

ಇನ್ನೊಮ್ಮೆ "ಹಲೋ" ಅಂದು ಓಡಿದರು. ಆಗಲೂ ನಿಶ್ಶಬ್ದ. ಸ್ವಿಚ್ಚು ಅಂದರೆ ಹೀಗಿರಬೇಕು ಅಂತ ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಹಲೋ ಅಂದವರೇ ಬಂದು ಕೇಳಿದರೆ ಹಲೋ ಎಲ್ಲಿರುತ್ತದೆ? ಇಬ್ಬರಿರುವ ಮನೆಯಲ್ಲಿ ಇಂಥ ತಪ್ಪು ಆಗುವುದಿಲ್ಲ. ಬೆಸುಗೆಯ ಒಂದು ಹನಿ ಆ ಸ್ವಿಚ್ಚಿನ ಎರಡೂ ಕಾಲುಗಳಿಗೆ ಹತ್ತಿಕೊಂಡು ಕೂತಿತ್ತು. ಸ್ವಿಚ್ಚು ತೆಗೆದರೂ ಬಿಳಿ ಡಬ್ಬಿಯ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಮಧ್ಯಾಹ್ನ ಮೂರಕ್ಕೆ ನಾಟಕ. "ದೀಪ, ತಯಾರಾ?" "ತಯಾರು!" ಆಹಾ, ಎಂಥ ಸೊಗಸು! ಲೈಟಣ್ಣ ಸ್ವಿಚ್ಚು ತೆಗೆದು, ಎಂದಿನ ಅಭ್ಯಾಸದಂತೆ, ಇಲ್ಲದ ಹೆಂಡತಿಯ ಜೊತೆ ಮಾತಿಗೆ ಕೂತರು. ಮೊದಲ ಅಂಕದಲ್ಲಿ ಊರ ಮೇಲಿನ ಮಾತು. ನಾಯಕನ ವಿಗ್ಗಿನ ಒಳಗೆ ಹಕ್ಕಿ ಮೊಟ್ಟೆಯಿಡಬಹುದು ಅಂದರು. ಮ್ಯಾನೇಜರಮ್ಮ ಗುರುಗುಟ್ಟಿದರೆ ಬಲ್ಬು ತಾನಾಗಿ ಆರುತ್ತದೆ, ತನಗೆ ಕೆಲಸವೇ ಇಲ್ಲ ಅಂದರು. ಅಲ್ಲಿ ಪರದೆಯಪ್ಪ ನಗು ತಡೆಯಲಾರದೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಎರಡೂ ಕೈ ಬಾಯಿಗೆ ಹೋದರೆ ಹಗ್ಗ ಹಿಡಿಯುವವರಾರು? ಪರದೆ ಸರ್ರನೆ ಇಳಿದು ನಾಯಕಿಯ ಮುಡಿಯ ಮೇಲೆ ಕೂತಿತು. "ನೋಡೇ, ಈ ಪರದೆಯಪ್ಪನಿಗೆ ಏನು ಬಂತು ರೋಗ!" ಅಂತ ಲೈಟಣ್ಣ ಅದನ್ನೂ ವರದಿ ಮಾಡಿದರು. ಸುಮ್ಮನಿರಿ ಅಂತ ಮ್ಯಾನೇಜರಮ್ಮ ಮೂರು ಸಲ ಗದರಿದರು. ಪರದೆಯಪ್ಪನಿಗೆ ಬೈಗುಳ ಬೀಳುತ್ತಿದೆ ಅಂತ ಇವರಿಗೆ ಖುಷಿಯೋ ಖುಷಿ.

ಎರಡನೇ ಅಂಕದಲ್ಲಿ ಇಪ್ಪತ್ತು ನಿಮಿಷದ ಒಂದು ದೃಶ್ಯ. ದೀಪಕ್ಕೆ ಕೆಲಸವಿಲ್ಲ. ಲೈಟಣ್ಣನ ದನಿ ಇಳಿಯಿತು.

"ಇವತ್ತೂ ಅನ್ನ ತಳ ಹತ್ತಿತು ಕಣೇ. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕು ಅಂತ ಇನ್ನೂ ಗೊತ್ತಾಗಿಲ್ಲ ನಂಗೆ. ಈ ಡಬ್ಬಿ ಮಾಡಿದ್ದು ಯಾಕೆ ಗೊತ್ತಾ? ದೀಪಕ್ಕೆ ಅಂದ್ಕೊಂಡಿದಾರೆ ಇವ್ರೆಲ್ಲ. ನಂಗೆ ಭಾಳ ಬೇಜಾರು ಕಣೇ. ಯಾರಾದ್ರೂ ಏನಾದ್ರೂ ಕೇಳ್ಲಿ ಅಂತ ಮಾಡ್ದೆ."

ವೇದಿಕೆಯ ಮೇಲೆ ನಾಯಕ ಸೇಡಿನ ಮಾತಾಡಿ ಪಿಸ್ತೂಲಿಗೆ ಪಕ್ಕಕ್ಕೆ ಕೈಚಾಚಿದ. ಕಣ್ಣು ಮಂಜಾಗಿದ್ದ ಸಾಮಾನಕ್ಕ ಕೈಗೆ ಸಿಕ್ಕಿದ್ದನ್ನು ಕೊಟ್ಟರು. ನಾಯಕ ಖಳನ ಎದೆಗೆ ಗುರಿಯಿಟ್ಟದ್ದು ಕೊಡೆ! ಖಳ ಪಾಪ ಒಳ್ಳೆಯ ಕಲಾವಿದ, ಕೊಡೆಗೇ ಸತ್ತ. ಜನ ಬಿದ್ದು ಬಿದ್ದು ನಕ್ಕರು. "ಮುಗೀತು ಕಣೇ. ಮತ್ತೆ ಟಾರ್ಚು," ಅಂದರು ಲೈಟಣ್ಣ.

ನಾಟಕ ಮುಗಿದ ಮೇಲೆ ಮ್ಯಾನೇಜರಮ್ಮ ಆರು ವರ್ಷದಲ್ಲಿ ಮೊದಲ ಸಲ ಏಣಿ ಹತ್ತಿ ಬಂದರು. ಏದುಸಿರು ಬಿಡುತ್ತ ಬಿಳಿ ಡಬ್ಬಿಯತ್ತ ಬೆರಳು ತೋರಿಸಿದರು.

"ನಿಮ್ಮ ಸ್ವಿಚ್ಚು ಕೆಲಸ ಮಾಡ್ತಿಲ್ಲ."

ಲೈಟಣ್ಣನ ಮುಖದ ನೆತ್ತರು ಕಾಲಿಗಿಳಿಯಿತು. ಎಷ್ಟು ಕೇಳಿಸಿತು ಅಂತ ತೊದಲಿದರು.

"ವಿಗ್ಗಿನಿಂದ ಹಿಡಿದು ಅಕ್ಕಿ ತನಕ."

ಇನ್ನು ಈ ಗೂಡಿಗೂ ನನಗೂ ಋಣ ತೀರಿತು ಅಂತ ಅವರು ವೈರು ಸುತ್ತತೊಡಗಿದರು. ಸುತ್ತಬೇಡಿ, ಮುಂದಿನ ಭಾನುವಾರದೊಳಗೆ ಸ್ವಿಚ್ಚು ಸರಿಮಾಡಿ, ನನ್ನ ಗುರುಗುಟ್ಟುವಿಕೆಗೆ ಆರುವ ಬಲ್ಬನ್ನೂ ಬದಲಾಯಿಸಿ ಅಂದು ಮ್ಯಾನೇಜರಮ್ಮ ಏಣಿ ಇಳಿದರು. ನಗಲಿಲ್ಲ, ಬೈಯಲೂ ಇಲ್ಲ.

ಭಾನುವಾರ ಬಂತು. ಸ್ವಿಚ್ಚು ಸರಿಯಾಗಿತ್ತು, ಲೈಟಣ್ಣನ ಬಾಯಿಗೂ ಬೀಗ ಬಿದ್ದಿತ್ತು. ನಾಚಿಕೆಯಲ್ಲಿ ಹೆಂಡತಿಯ ಜೊತೆಗೂ ಮಾತಿಲ್ಲ. "ತಯಾರಾ?" "ತಯಾರು." ಪರದೆ ನೆಟ್ಟಗೆ ಎದ್ದಿತು, ನೆಟ್ಟಗೆ ನಿಂತಿತು. ಆ ಇಪ್ಪತ್ತು ನಿಮಿಷದ ದೃಶ್ಯ ಬಂತು. ಲೈನು ಭಣಭಣ. ಈ ಗೂಡು ಇಷ್ಟೊಂದು ಖಾಲಿ ಅಂತ ಅವರಿಗೆ ಟಾರ್ಚಿನ ದಿನಗಳಲ್ಲೂ ಅನ್ನಿಸಿರಲಿಲ್ಲ.

ಆಗ ಕಿವಿಯಲ್ಲಿ ಮೆಲ್ಲಗೆ ಸಾಮಾನಕ್ಕನ ದನಿ. "ಅಣ್ಣಾ, ಇವತ್ತು ಊಟ ಆಯ್ತಾ?"

ಲೈಟಣ್ಣ ಗಡಬಡಿಸಿ ಸ್ವಿಚ್ಚು ಹಾಕಿದರು. ಮೂರು ವರ್ಷ ಗೋಡೆಗೆ, ಪಾತ್ರೆಗೆ, ಗಾಜಿಗೆ ಮಾತಾಡಿದ ಬಾಯಿ! ಈಗ ಕೇಳುವವರೊಬ್ಬರು ಸಿಕ್ಕರೆ ಒಂದು ಅಕ್ಷರ ಹೊರಡಲಿಲ್ಲ. ಕಣ್ಣೊರೆಸಿಕೊಳ್ಳಲು ಎತ್ತಿದ ಮೊಣಕೈ ದೀಪದ ದೊಡ್ಡ ಹಿಡಿಗೆ ತಗುಲಿತು. ಇಡೀ ವೇದಿಕೆ ಕಗ್ಗತ್ತಲು! ಕತ್ತಲಲ್ಲಿ ನಾಯಕ ಯಾರನ್ನೋ ತಬ್ಬಿದ. ನಾನು ಅವಳಲ್ಲ ಮಾರಾಯ ಅಂದಿತು ಖಳನ ದನಿ.

ಸತ್ತೆ, ಟಾರ್ಚು ಗ್ಯಾರಂಟಿ, ಅಂದುಕೊಂಡು ಲೈಟಣ್ಣ ಹಿಡಿಗಾಗಿ ತಡಕಾಡುತ್ತಿದ್ದಾಗ ಕಿವಿಯಲ್ಲಿ ಮ್ಯಾನೇಜರಮ್ಮನ ಉಸಿರು ಕೇಳಿಸಿತು.

"ಮೊದಲು ದೀಪ ಹಾಕಿ ಮಹಾರಾಯ್ರೇ. ಊಟದ ವಿಷಯ ಆಮೇಲೆ ಹೇಳಿ, ಮೂರು ಜನ ಕೇಳ್ತಾ ಕೂತಿದೀವಿ."