ಧ್ರುವಪ್ರಭೆ ಮತ್ತು ಕಾಫಿಪುಡಿ

ನಮ್ಮ ಚಿಕ್ಕಪ್ಪನಿಗೆ ಉತ್ತರ ಧ್ರುವದ ಆಕಾಶ ಗೊತ್ತಿದ್ದಷ್ಟು ಜಯನಗರದ ಬೀದಿ ಗೊತ್ತಿರಲಿಲ್ಲ ಎಂದರೆ ನೀವು ನಂಬಬೇಕು. ಐವತ್ತರ ದಶಕದ ಕೊನೆಯಲ್ಲಿ ಜಯನಗರದಲ್ಲಿ ಇದ್ದದ್ದೇ ನಾಲ್ಕಾರು ಬೀದಿ, ಮಿಕ್ಕಿದ್ದೆಲ್ಲ ರಾಗಿ ಹೊಲ. ಅಷ್ಟರಲ್ಲೇ ದಾರಿ ತಪ್ಪುತ್ತಿದ್ದರು. ಧ್ರುವಗಳ ಆಕಾಶದಲ್ಲಿ ರಾತ್ರಿ ಕಾಣುವ ಬಣ್ಣದ ಬೆಳಕು, ಆ ಧ್ರುವಪ್ರಭೆಯ ಮಾತು ಬಂದರೆ ಮಾತ್ರ ಕಣ್ಣಾರೆ ಕಂಡು ಬಂದವರಂತೆ ಶುರುಮಾಡುತ್ತಿದ್ದರು. ಕಂಡದ್ದೆಲ್ಲಿ? ಹಳೇ ಪುಸ್ತಕದಂಗಡಿಯ ಇಂಗ್ಲಿಷ್ ಪತ್ರಿಕೆಗಳಲ್ಲಿ!

ಉತ್ತರಕ್ಕೆ ತಲೆಯಿಟ್ಟು ಮಲಗಬೇಡಿ ಎಂದರೆ ಬೇಕೆಂದೇ ಹಾಗೆ ಮಲಗುತ್ತಿದ್ದರು. "ಭೂಮಿ ಒಂದು ಆಯಸ್ಕಾಂತ, ಸರಿ. ನನ್ನ ತಲೇಲಿ ಕಬ್ಬಿಣ ಇದ್ರೆ ತಾನೆ ಎಳೆಯೋದು?"

"ಅದ್ರಲ್ಲಿ ಏನೂ ಇಲ್ಲ, ನಂಗೊತ್ತು" ಎನ್ನುತ್ತಿದ್ದರು ಚಿಕ್ಕಮ್ಮ.

ರೇಡಿಯೋ ಗೊರಗೊರ ಎಂದರೆ ಅದು ಸೂರ್ಯನ ಬಿರುಗಾಳಿ. ಇವತ್ತು ಧ್ರುವಗಳಲ್ಲಿ ಬೆಳಕಿನ ಹಬ್ಬ ಎನ್ನುತ್ತಿದ್ದರು. ಒಮ್ಮೆ ಮೂರು ದಿನ ಬಿರುಗಾಳಿ ನಿಲ್ಲಲಿಲ್ಲ. ಕೊನೆಗೆ ನೋಡಿದರೆ ಏರಿಯಲ್ ತಂತಿಯ ಮೇಲೆ ಚಿಕ್ಕಮ್ಮ ಸೀರೆ ಒಣಹಾಕಿದ್ದರು.

ಇಂಥವರ ಕೈಗೆ ನನ್ನ ಮದುವೆ ಸಿಕ್ಕಿಬಿತ್ತು. ಬಸವನಗುಡಿಯ ಸಂಬಂಧ, ಹುಡುಗ ನನಗೆ ಬಹಳ ಹಿಡಿಸಿದ್ದ, ನಿಶ್ಚಿತಾರ್ಥಕ್ಕೆ ವಾರವಿತ್ತು. ಅಷ್ಟರಲ್ಲಿ ಎಲ್ಲೋ ಉತ್ತರದ ದೇಶಗಳಲ್ಲಿ ಆಕಾಶ ರಕ್ತದಂತೆ ಕೆಂಪಾಯಿತೆಂದು ಪೇಪರಿನಲ್ಲಿ ಬಂತು. ಹುಡುಗನ ಅಜ್ಜಿ ಅದನ್ನು ಓದಿಸಿ ಕೇಳಿದರು. ಕುಬೇರನ ದಿಕ್ಕಾದ ಉತ್ತರವೇ ಹೀಗಾದ ಮೇಲೆ ಈ ವರ್ಷ ಶುಭಕಾರ್ಯ ಬೇಡ ಎಂದು ಹೇಳಿ ಕಳಿಸಿದರು. ನನಗೆ ಊಟ ಸೇರಲಿಲ್ಲ.

ಚಿಕ್ಕಪ್ಪ ಮಾತ್ರ ಇಡೀ ಜನ್ಮ ಇದಕ್ಕೇ ಕಾದಿದ್ದವರಂತೆ ಕೋಟು ಹಾಕಿಕೊಂಡರು. ಯಾರಿಗೂ ಮುಟ್ಟಲು ಕೊಡದ ತಮ್ಮ ಗೇಣುದ್ದದ ಆಯಸ್ಕಾಂತವನ್ನು ಟವೆಲಿನಲ್ಲಿ ಸುತ್ತಿಕೊಂಡರು, ಕಬ್ಬಿಣದ ಪುಡಿಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡರು. ದಾರಿ ತಪ್ಪದಿರಲೆಂದು ಅಪ್ಪ ಜೊತೆಗೆ ಹೋದರು. ಅಲ್ಲಿ ನಡೆದದ್ದನ್ನು ಅಪ್ಪನೇ ಬಂದು ಹೇಳಿದ್ದು.

ಚಿಕ್ಕಪ್ಪ ಆಯಸ್ಕಾಂತದ ಮೇಲೆ ಕಾಗದ ಹಾಸಿ, "ನೋಡಿ ಅಜ್ಜಿ, ಇದು ಭೂಮಿ" ಎಂದು ಪುಡಿ ಉದುರಿಸಿದರು. ಪುಡಿ ಅಲ್ಲಾಡಲಿಲ್ಲ. ಕಾಗದ ತಟ್ಟಿದರೂ ಅಲ್ಲಾಡಲಿಲ್ಲ. ಅಜ್ಜಿ ಮೂಗು ಹತ್ತಿರ ತಂದು, "ಒಳ್ಳೆ ಘಮ. ಎಲ್ಲಿ ಹುರಿಸಿದ್ರಿ?" ಎಂದು ಕೇಳಿದರು.

ಇತ್ತ ನಮ್ಮ ಮನೆಯಲ್ಲಿ ಚಿಕ್ಕಮ್ಮ ಫಿಲ್ಟರಿಗೆ ಎಷ್ಟು ಬಿಸಿನೀರು ಹಾಕಿದರೂ ಬೂದು ನೀರೇ ಇಳಿಯುತ್ತಿತ್ತು. ಕಾಫಿಪುಡಿ, ಕಬ್ಬಿಣದ ಪುಡಿ ಎರಡರ ಪೊಟ್ಟಣಗಳೂ ಅಡುಗೆಮನೆಯ ಒಂದೇ ಗೂಡಿನಲ್ಲಿದ್ದವು. ತೂಕವಾದರೂ ಗೊತ್ತಾಗಬಾರದಿತ್ತೆ?

ಅಜ್ಜಿಗೆ ಪಾಪ ಅನ್ನಿಸಿರಬೇಕು. ತಮ್ಮ ಸೂಜಿಯ ಡಬ್ಬಿ ತಂದು ಕಾಗದದ ಮೇಲೆ ಸುರಿದರು. ಚಿಕ್ಕಪ್ಪ ತಟ್ಟಿದ ಕೂಡಲೇ ಸೂಜಿಗಳು ಎರಡು ತುದಿಗೂ ಸರಿದು ಗುಂಪುಗೂಡಿದವು, ನಡುಭಾಗ ಬರಿದಾಯಿತು.

"ಸೂರ್ಯ ಉಗುಳೋ ಕಣಗಳನ್ನ ಭೂಮಿ ಹೀಗೇ ಎರಡು ತುದಿಗೆ ತಿರುಗಿಸತ್ತೆ. ಅವು ಮೇಲಿನ ಗಾಳಿಗೆ ಬಡಿದ್ರೆ ಗಾಳಿ ಹೊಳೆಯತ್ತೆ, ಟಾಕೀಸಿನ ಬಣ್ಣದ ದೀಪದ ಹಾಗೆ. ನಾವು ಉಸಿರಾಡ್ತೀವಲ್ಲ, ಆಮ್ಲಜನಕ, ಅದೇ ತುಂಬಾ ಎತ್ತರದಲ್ಲಿ ಕೆಂಪು, ಸ್ವಲ್ಪ ಕೆಳಗೆ ಹಸಿರು. ರಕ್ತ ಅಲ್ಲ."

"ಎರಡು ತುದಿ ಅಂದ್ರೆ, ಯಮನ ದಿಕ್ಕಲ್ಲೂ ಬೆಳಕು ಬರತ್ತೇನಪ್ಪಾ?"

"ದಕ್ಷಿಣದಲ್ಲೂ ಬರತ್ತೆ, ಅಜ್ಜಿ. ಭೇದ ಇಲ್ಲ."

ಅಜ್ಜಿಯ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಾ, "ಅಲ್ಲೂ ಕತ್ತಲಿಲ್ಲ ಅನ್ನಿ. ಸರಿ, ನಿಶ್ಚಿತಾರ್ಥ ಆಗ್ಲಿ" ಎಂದರಂತೆ.

ಅದನ್ನು ಕೇಳಿ ನಾನು ವಾರದ ಉಸಿರನ್ನೆಲ್ಲ ಒಟ್ಟಿಗೆ ಬಿಟ್ಟೆ. ಆಮೇಲೆ ನೋಡಿದರೆ ಚಿಕ್ಕಪ್ಪನ ಕೈಯಲ್ಲಿ ಬರೀ ಟವೆಲ್.

"ಆಯಸ್ಕಾಂತ ಎಲ್ಲಿ ಚಿಕ್ಕಪ್ಪ?"

"ಅಜ್ಜಿಗೆ ಸೂಜಿ ಬಿದ್ರೆ ಕಣ್ಣಿಗೆ ಕಾಣಲ್ವಂತೆ. ಇಟ್ಕೊಳ್ಳಿ ಅಂದೆ" ಎಂದು ಅತ್ತ ತಿರುಗಿದರು. "ನೀನೂ ಅಲ್ಲೇ ಹೋಗ್ತೀಯಲ್ಲ."

ಮದುವೆಯಾಗಿ ಆ ಮನೆಗೆ ಹೋದ ದಿನ, ಕಂಡರಿಯದ ಮುಖಗಳ ನಡುವೆ ದೇವರಿಗೆ ನಮಸ್ಕಾರ ಮಾಡಲು ಬಗ್ಗಿದೆ. ದೀಪದ ಪಕ್ಕದಲ್ಲಿ ಅದು ಇತ್ತು, ಎರಡು ತುದಿಗೂ ಕುಂಕುಮ ಹಚ್ಚಿಸಿಕೊಂಡು. ನನಗೆ ಅಳು ಬಂತು. ಅಲ್ಲಿ ನನ್ನ ತವರಿನವರೊಬ್ಬರು ಮೊದಲೇ ಬಂದು ಕೂತಿದ್ದರು.