ಹಕಾರ ಬಿಟ್ಟ ಸಭೆ

ಹವಾಮಾನ ಬದಲಾವಣೆಯ ಬಗ್ಗೆ ನಮ್ಮೂರಿಗೆ ತಿಳುವಳಿಕೆ ಕೊಡಬೇಕೆಂದು ನಾನು ತೀರ್ಮಾನಿಸಿದ ಗಳಿಗೆಯಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಶುಭಶಕುನ ಎಂದುಕೊಂಡೆ. ಒಲೆ ಒರೆಸುವಾಗಲೂ ಹಾಗೆಯೇ ಅಂದುಕೊಂಡೆ!

ಕಾರಣವಿತ್ತು. ಬಂಗಾರಪೇಟೆ ರಸ್ತೆಯಲ್ಲಿರುವ ನಮ್ಮೂರ ಹಾಲಿನ ಡೇರಿಯ ಮುಂದೆ ಒಂದು ಹೊಂಗೆ ಮರವಿದೆ. ಹಾಲು ಹಾಕಲು ಬಂದವರು ನಿಲ್ಲುವುದು ಅದರಡಿಯೇ. ಡೇರಿ ಅಧ್ಯಕ್ಷ ಮುನಿಯಪ್ಪನವರು ಅದನ್ನು ಕಡಿಸಿ, ಅಲ್ಲಿ ತಗಡಿನ ಶೆಡ್ಡು ಹಾಕಿಸಲು ಹೊರಟಿದ್ದರು. ಯಾಕೆಂದರೆ ಜನಕ್ಕೆ ನೆರಳು ಬೇಕಂತೆ!

ನಾನು ತಕರಾರು ತೆಗೆದೆ. "ಬಾನುವಾರ ಊರ್ನೋರ್ನ ಸೇರ್ಸಮ್ಮ. ಅವ್ರು ಬ್ಯಾಡ ಅಂದ್ರೆ ಮರ ಮುಟ್ಟಲ್ಲ" ಅಂದರು ಮುನಿಯಪ್ಪ.

"ನೀನು ಕರೆದ್ರೆ ನಾಕ್ ಜನ ಬಂದ್ರೆ ಎಚ್ಚು. ಅದ್ರಾಗೆ ನಾನೂ ಒಬ್ಬ" ಅಂದರು ನಮ್ಮ ಯಜಮಾನರು.

ಛಲ ಹುಟ್ಟಿತು. ಚಿನ್ನದ ಗಣಿಯ ಕಡೆಯ ಕೋರಮಂಡಲ್‌ನಿಂದ ಬಂದು, ಮೈಕು ಕಟ್ಟಿದ ಆಟೋದಲ್ಲಿ ಊರೂರು ಸಾರುವ ತಮಿಳಿನ ಸೆಲ್ವಂಗೆ ಫೋನ್ ಮಾಡಿದೆ.

"ಸಬ್ಜೆಕ್ಟ್ ಏನಕ್ಕಾ?"

"ಹವಾಮಾನ ಬದಲಾವಣೆ."

"ಅವಮಾನವಾ? ಸರಿಕ್ಕಾ, ಜೋರಾಗಿ ಕೂಗ್ತೀನಿ."

ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲುವುದೇ ಅಪರೂಪ. ಹಸು 'ಅಸು', ಹಾಲು 'ಆಲು'. ಹೀಗಾಗಿ ನನ್ನ ಕಿವಿಗೆ ಅದು ಸರಿಯಾಗಿಯೇ ಕೇಳಿಸಿತು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅವಮಾನ ಅಂದರೆ ಅವಮಾನವೇ ಎಂಬುದು ಹೊಳೆಯಲಿಲ್ಲ!

ಭಾನುವಾರ ಜನವೋ ಜನ! ಡೇರಿಯ ತಗಡಿನ ಕೋಣೆ ಹೆಂಚಿನಂತೆ ಕಾದಿದ್ದರಿಂದ ಎಲ್ಲರೂ ತಾವಾಗಿಯೇ ಮರದಡಿ ಕೂತರು. ನಾನು ಯಜಮಾನರತ್ತ ಒಂದು ಗೆಲುವಿನ ನೋಟ ಬೀರಿ, ಗಂಟಲು ಸರಿಮಾಡಿಕೊಂಡು, "ಮಾನ್ಯರೇ" ಅಂದೆ. ಅಷ್ಟರಲ್ಲಿ ಹಿಂದಿನ ಬೀದಿಯ ಚೌಡಮ್ಮ ಎದ್ದಳು.

"ಮೊದ್ಲು ನಂದು ಕೇಳಕ್ಕಾ. ವರ್ಸಾ ವರ್ಸಾ ಬೀಗ್ರ ಮನೇಗೆ ಬುಟ್ಟಿ ಮಾವಿನಣ್ಣು ಕಳಿಸ್ತಿದ್ದೆ. ಈ ಸಲ ಊವಾದಾಗ್ಲೇ ಮಳೆ ಉಯ್ದು ಎಲ್ಲಾ ಉದುರೋಯ್ತು. 'ಮಗ್ಳನ್ನ ಸಾಗಾಕಿದ್ಮೇಲೆ ಅಣ್ಣು ಯಾಕೆ ಕೊಡ್ತಾಳೆ' ಅಂದ್ಬಿಟ್ರು! ಎಂಥಾ ಅವಮಾನ!"

ನಾನು ಕಕ್ಕಾಬಿಕ್ಕಿ. ಸೆಲ್ವಂ ಊರೆಲ್ಲ ಸಾರಿದ್ದು ಏನೆಂದು ಪಕ್ಕದಲ್ಲಿದ್ದವರು ಪಿಸುಗುಟ್ಟಿದರು: 'ನಿಮಗೆ ಆಗಿರೋ ಅವಮಾನ ಬಂದು ಹೇಳಿ, ಅಕ್ಕ ಬದಲಾವಣೆ ಮಾಡಿಕೊಡ್ತಾರೆ!'

"ಅವಮಾನ ಅಲ್ಲ ಚೌಡಮ್ಮ! ಹ, ಹ, ಹವಾಮಾನ!"

"ನನ್ನ ಗೋಳು ಕೇಳಿ ನಗ್ತೀಯಲ್ಲಕ್ಕಾ!" ಎಂದು ಚೌಡಮ್ಮ ಸೆರಗಿಗೆ ಮೂಗು ಒರೆಸಿಕೊಂಡಳು.

ಎರಡು ಹಸು ಸಾಕಿರುವ ಕೆಂಪಣ್ಣ ಎದ್ದು ಅಧ್ಯಕ್ಷರತ್ತ ಬೆರಳು ತೋರಿಸಿದ. "ಈ ಬಿಸ್ಲಿಗೆ ನನ್ನಸು ಆಲು ಕಮ್ಮಿ ಮಾಡ್ತು, ಇದ್ದಿದ್ದೂ ತೆಳ್ಳಗಾಯ್ತು. ಈವಯ್ಯ ನಾಕ್ ಜನದ ಮುಂದೆ, 'ಬೆರ್ಸಿರೋದು ಬಾವಿ ನೀರೋ ಬೋರ್ ನೀರೋ' ಅಂತ ಕೇಳ್ತಲ್ಲಾ!"

"ತಮಾಸೆಗೆ ಅಂದಿದ್ದು ಕಣ್ಲಾ" ಎಂದರು ಮುನಿಯಪ್ಪ. ಮುಖ ಮಾತ್ರ ಬೆವರುತ್ತಿತ್ತು.

ನಾನು ಮನೆಯಲ್ಲಿ ಉರುಹೊಡೆದು ತಂದಿದ್ದ ಸಮಸ್ತ ಹವಾಮಾನವೂ ಅಲ್ಲಿ ಒಬ್ಬೊಬ್ಬರ ಅವಮಾನವಾಗಿ ಎದ್ದು ನಿಲ್ಲುತ್ತಿತ್ತು. "ನೋಡಿ, ಇದಕ್ಕೆಲ್ಲ ಕಾರಣ..." ಎಂದು ಬಾಯಿ ಹಾಕಿದಾಗಲೆಲ್ಲ, "ನೀನು ಕುಂತ್ಕೋ, ಅವ್ರದು ಮುಗೀಲಿ" ಎಂದು ಗದರಿದರು. ಕಡೆಗೆ ಉಳಿದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ, "ಈ ಮರ ಕಡೀಬೇಕಾ, ಬೇಡವಾ? ಅದೊಂದು ಹೇಳಿ!" ಎಂದು ಕಿರುಚಿದೆ.

ಎಲ್ಲರೂ ಮೇಲೆ ನೋಡಿದರು.

"ಕಡಿದ್ರೆ ಈ ಪಂಚಾಯ್ತಿ ಎಲ್ಲಿ ಮಾಡೋದು?" ಎಂದಳು ಚೌಡಮ್ಮ. "ನಂದಿನ್ನೂ ಅರ್ಧಾನೂ ಆಗಿಲ್ಲ!"

"ತಗಡಿನ ಕೆಳಗೆ ಕುಂತು ಅವಮಾನ ಕೇಳಿದ್ರೆ ಒಡೆದಾಟಾನೇ ಆಯ್ತದೆ" ಎಂದ ಕೆಂಪಣ್ಣ.

ಊರಿಗೆ ಊರೇ ಹೌದೆಂದಿತು. ಇನ್ನೆಷ್ಟು ಬೆರಳು ತನ್ನತ್ತ ತಿರುಗುವವೋ ಎಂದು ಅಂಜಿದ ಮುನಿಯಪ್ಪ, "ಮರ ಇರ್ಲಿ ಬಿಡ್ರಪ್ಪಾ" ಎಂದು ಎದ್ದೇ ಹೋದರು.

"ನೋಡಿದ್ರಾ, ಮರ ಉಳಿಸಿದೆ" ಎಂದೆ ಯಜಮಾನರಿಗೆ.

"ಊಂ. ನಿನ್ನ ಬಾಸಣ ಸುರುವಾಗಿದ್ದಿದ್ರೆ ಎಲ್ರೂ ಎದ್ದೋಗಿರೋರು. ಮರಾನೂ ಓಗಿರೋದು!"

ಈಗ ಪ್ರತಿ ಭಾನುವಾರ ಹೊಂಗೆಯಡಿ ಸಭೆ ಸೇರುತ್ತದೆ. ಹವಾಮಾನದ ಮಾತು ಎತ್ತಲು ನನಗಿನ್ನೂ ಅಪ್ಪಣೆಯಾಗಿಲ್ಲ. ಇದು ನನಗಾದ ಅವಮಾನವಲ್ಲವೇ ಎಂದು ಕೇಳಿದರೆ, ಸರದಿಯಲ್ಲಿ ಬಾ ಅನ್ನುತ್ತಾರೆ!