ಓಟಿನ ಮುಯ್ಯಾಳು

ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಸನ್ಮಾನ್ಯ ಸದಸ್ಯನೊಬ್ಬ ಸೊಂಟಕ್ಕೆ ಹರಳೆಣ್ಣೆ ತಿಕ್ಕಿಸಿಕೊಂಡು ಬೋರಲು ಬೀಳುವ ಕಾಲ ಬರಬಹುದೆ, ನೀವೇ ಹೇಳಿ. ಬಂದಿದೆ. ಆ ಸದಸ್ಯ ತೀರ್ಥಪ್ಪನೆಂಬ ನಾನೇ. ಎಣ್ಣೆ ತಿಕ್ಕಿದವಳು ನನ್ನ ಹೆಂಡತಿ ಮಲ್ಲಿಕಾಂಬ. ಸೊಂಟ ಮುರಿಸಿದವಳೂ ಅವಳೇ.

ನಮ್ಮೂರು ಅಜ್ಜಂಪುರದ ಸ್ಟೇಷನ್ನಿಗೆ ಎರಡೇ ಮೈಲಿ. ಆದರೆ ನಡುವೆ ಒಂದು ಹಳ್ಳ. ದೀಪಾವಳಿಯವರೆಗೂ ಸೊಂಟದುದ್ದ ನೀರು. ಹೋದ ವರ್ಷ ಸಂತೆಗೆ ಹೊರಟ ಹುಚ್ಚಮ್ಮನ ಬೆಣ್ಣೆಯ ಗಡಿಗೆ ಅದರಲ್ಲಿ ತೇಲಿ ಹೋಯಿತು. (ಹುಚ್ಚಮ್ಮ ತೇಲಲಿಲ್ಲ. ಆಕೆಯ ತೂಕ ಹಾಗಿದೆ.) ಹಾಗಾಗಿ ಚುನಾವಣೆಗೆ ನಿಂತಾಗ ನಾನು ಕೊಟ್ಟದ್ದು ಒಂದೇ ಮಾತು: "ಹಳ್ಳಕ್ಕೆ ಸೇತುವೆ ತರ್ತೀನಿ!"

ನಮ್ಮಲ್ಲಿ ಓಟೆಂದರೆ ಕಂದಾಯ ಕಟ್ಟುವವರಿಗೆ ಮಾತ್ರ. ನನ್ನನ್ನು ಬಿಟ್ಟರೆ ನಮ್ಮೂರಲ್ಲಿ ಅಂಥವರು ಹನ್ನೊಂದು ಜನ. ಹೆಂಗಸರಿಗೂ ಓಟು ಬಂದ ಹೊಸತು. ಹುಚ್ಚಮ್ಮನೂ, ತೆಂಗಿನ ತೋಟ ತನ್ನ ಹೆಸರಿಗಿದ್ದ ನನ್ನ ಹೆಂಡತಿಯೂ ಆ ಹನ್ನೊಂದರಲ್ಲಿ ಸೇರಿದ್ದರು. ರಾಗಿಗೆ ಕಳೆ ತೆಗೆಯುವ ಹೊತ್ತಿನಲ್ಲಿ ಒಂದು ದಿನದ ಕೆಲಸ ಬಿಟ್ಟು, ಗಾಡಿ ಕಟ್ಟಿಕೊಂಡು ಎಲ್ಲರೂ ತರೀಕೆರೆಗೆ ಹೋಗಿ ಓಟು ಹಾಕಿ ಬಂದರು. ಎದುರಾಳಿ ಜಯದೇವಪ್ಪ ಸೋತ. ನಾನು ಜರಿಪೇಟ ಕೊಂಡೆ.

ದಸರಾ ಸಭೆಯಲ್ಲಿ ನನ್ನ ಸರದಿ ಬಂತು. ಎದ್ದು ನಿಂತು, ಮೊದಲು ಪ್ರಭುಗಳ ಕೃಪಾಕಟಾಕ್ಷವನ್ನು ಕೊಂಡಾಡಿದೆ. ಆಮೇಲೆ ಮಳೆಯನ್ನು. ಆಮೇಲೆ ಮೈಸೂರಿನ ವಿದ್ಯುದ್ದೀಪಗಳನ್ನು. ಕೆಮ್ಮಣ್ಣುಗುಂಡಿಯ ಮಂಜಿನಿಂದ ಎಮ್ಮೆದೊಡ್ಡಿ ಕಾವಲಿನ ಎತ್ತುಗಳವರೆಗೆ ಸಮಸ್ತ ಚರಾಚರಗಳ ಪರವಾಗಿ ವಂದನೆ ಸಲ್ಲಿಸಿದೆ. "ಇನ್ನು ನಮ್ಮೂರಿನ..." ಎನ್ನುವಷ್ಟರಲ್ಲಿ ಹೊತ್ತು ಮುಗಿಯಿತೆಂದು ಗಂಟೆ ಬಾರಿಸಿದರು. ಕೂತೆ. ಭಾರೀ ಚಪ್ಪಾಳೆ ಬಿತ್ತು. (ಭಾಷಣಕ್ಕೋ, ಕೂತದ್ದಕ್ಕೋ, ವಿಚಾರಿಸಲಿಲ್ಲ.)

ಬೀರೂರಿನ ಮೇಲೆ ರೈಲಿನಲ್ಲಿ ಬಂದು ಅಜ್ಜಂಪುರದಲ್ಲಿ ಇಳಿದು ಹಳ್ಳದ ದಡಕ್ಕೆ ಬಂದರೆ, ಆಚೆ ದಡದಲ್ಲಿ ಊರಿಗೆ ಊರೇ ನಿಂತಿದೆ! ಹಾರ ತಂದಿದ್ದಾರೆಂದುಕೊಂಡೆ.

"ಏನಪ್ಪಾ ತೀರ್ಥಪ್ಪ, ಸೇತುವೆ ಯಾವಾಗ ಬತ್ತದೆ?" ಪಕ್ಕದ ಹೊಲದ ಬೀರಪ್ಪ ಕೂಗಿದ.

"ಮೊದ್ಲು ಯಾರಾದ್ರೂ ಬಂದು ನನ್ನ ಎತ್ಕೊಳ್ರೋ! ಕೋಟು ನೆನೀತದೆ!"

"ಮೊದ್ಲು ಹೇಳು, ಆಮೇಲೆ ಎತ್ಕೋತೀವಿ," ಎಂದಳು ಹುಚ್ಚಮ್ಮ.

"ಭಾಷಣ ಮಾಡ್ದೆ ಕಣ್ರೋ! ಇಡೀ ಸಭೆ ಚಪ್ಪಾಳೆ ತಟ್ತು!"

"ಅದ್ರಲ್ಲಿ ಹಳ್ಳದ ಮಾತು ಬಂತಾ?" ಎಂದ ಬೀರಪ್ಪ.

"ಹಳ್ಳದ ಹತ್ರಕ್ಕೆ ಬಂದಿದ್ದೆ, ಅಷ್ಟ್ರಲ್ಲಿ ಗಂಟೆ ಹೊಡೆದ್ಬಿಟ್ರು!"

"ಈಗ್ಲೂ ಹತ್ರಾನೇ ನಿಂತಿದ್ದೀಯ. ಹಂಗೇ ಇಳ್ಕೊಂಡು ಬಾ!"

ಇಳಿದೆ. ಕೋಟು ನೆನೆಯಿತು, ಪಂಚೆ ನೆನೆಯಿತು, ಮರ್ಯಾದೆಯೂ ನೆನೆಯಿತು.

ಮನೆಗೆ ಬಂದರೆ ಜಗುಲಿಯ ತುಂಬ ಅದೇ ಜನ. ಮಲ್ಲಿಕಾಂಬ ಟವಲು ಕೊಡುತ್ತಾ ಮೆತ್ತಗೆ ಕೇಳಿದಳು: "ರೀ, ಬೀರಪ್ಪ ನಮ್ಮ ಹೊಲದಲ್ಲಿ ಒಂದಿನ ಕಳೆ ಕಿತ್ರೆ ನೀವೇನ್ ಮಾಡ್ತೀರಿ?"

"ನಾನೂ ಅವನ ಹೊಲದಲ್ಲಿ ಒಂದಿನ ಕೀಳ್ತೀನಿ. ಮುಯ್ಯಿ ತೀರಿಸ್ಬೇಕಲ್ಲ."

"ಓಟು ಹಾಕೋಕೆ ಇವ್ರೆಲ್ಲ ಒಂದಿನ ಕೆಲಸ ಬಿಟ್ರಲ್ಲ, ಅದು ಯಾರ ಕೆಲಸ?"

ನಾನು ಟವಲಿನಲ್ಲಿ ಮುಖ ಮುಚ್ಚಿಕೊಂಡೆ. ಜಗುಲಿ ಬಾಯಿ ತೆರೆಯಿತು.

"ಅಯ್ಯೋ ಹೌದಲ್ಲ!" ಬೀರಪ್ಪ ತೊಡೆ ತಟ್ಟಿದ. "ನಂಗೊಂದು ಆಳು ಬರ್ಬೇಕು!"

"ನಂಗೂ ಒಂದು!" ಎಂದಳು ಹುಚ್ಚಮ್ಮ.

"ಲೇ, ಓಟೇ ಬೇರೆ, ಕಳೆಯೇ ಬೇರೆ ಕಣ್ರೋ! ಓಟು ಪವಿತ್ರವಾದದ್ದು!"

"ಮುಯ್ಯೇನು ಮೈಲಿಗೆಯಾ?" ಎಂದು ನನ್ನ ಧರ್ಮಪತ್ನಿ ಒಳಗೆ ಹೋದಳು.

ಇಲ್ಲಿ ನನ್ನ ಕಷ್ಟ ನಿಮಗೆ ಅರ್ಥವಾಗಬೇಕು. ಮುಯ್ಯಿ ತೀರಿಸದವನ ಹೊಲಕ್ಕೆ ನಮ್ಮ ಕಡೆ ಯಾರೂ ಕಾಲಿಡುವುದಿಲ್ಲ. ನನ್ನ ರಾಗಿ ಇನ್ನೊಂದು ತಿಂಗಳಿಗೆ ಕೊಯ್ಲಿಗೆ ಬರುವುದಿತ್ತು. ಹನ್ನೆರಡು ಎಕರೆ. ಮೈಸೂರಿನಿಂದ ಯಾವ ದಿವಾನರು ಕುಡುಗೋಲು ಹಿಡಿದು ಬಂದಾರು?

ಕೊನೆಯದಾಗಿ ಒಂದು ರಾಜನೀತಿ ಹೂಡಿದೆ. "ನನಗೆ ಓಟು ಹಾಕಿದೋರಿಗೆ ಮಾತ್ರ ಮುಯ್ಯಿ! ಹಾಕಿದೋರು ಕೈ ಎತ್ತಿ!" ತಟಕ್ಕನೆ ಹತ್ತು ಕೈ ಎದ್ದವು. ಹನ್ನೊಂದನೆಯದು ಒಳಗೆ ಒಲೆಗೆ ಸೌದೆ ಒಟ್ಟುತ್ತಿತ್ತು. ಅದನ್ನು ನಾನೇ ಸೇರಿಸಿಕೊಂಡೆ.

ಹತ್ತು ಜನರೂ ಮಾತಾಡಿಕೊಂಡು ನನ್ನನ್ನು ಒಂದೇ ಕೆಲಸಕ್ಕೆ ಕರೆದರು: ಹಳ್ಳಕ್ಕೆ. ಗಾಡಿ ಅವರದು, ಕಲ್ಲು ಬೀರಪ್ಪನ ದಿಣ್ಣೆಯದು, ಬೆನ್ನು ನನ್ನದು. ನೀರು ಇಳಿದ ಮೇಲೆ ಕಲ್ಲಿನ ಮೇಲೆ ಕಲ್ಲು ಪೇರಿಸಿ, ಅದರ ಮೇಲೆ ಚಪ್ಪಡಿ ಹಾಸುವುದು. ದಡದ ಮೇಲೆ ದಿನಕ್ಕೊಬ್ಬ ಓಟುದಾರ ಕೂತು ಎಲೆ ಅಡಿಕೆ ಜಗಿಯುತ್ತಾ, "ಸನ್ಮಾನ್ಯ ಸದಸ್ಯರೇ, ಎಡಗಡೆ ಒಸಿ ಎತ್ತಿ!" ಎಂದು ಉಪಪ್ರಶ್ನೆ ಹಾಕುತ್ತಿದ್ದ. ಗಂಟೆ ಹೊಡೆಯುವವರು ಮಾತ್ರ ಯಾರೂ ಇರಲಿಲ್ಲ.

ಹತ್ತನೆಯ ದಿನ ಸಂಜೆ ಹುಚ್ಚಮ್ಮ ತಲೆಯ ಮೇಲೆ ಬೆಣ್ಣೆ ಗಡಿಗೆ ಇಟ್ಟುಕೊಂಡು, ಪಾದವೂ ನೆನೆಯದಂತೆ ಆಚೆ ದಾಟಿದಳು. ದಾಟಿ ತಿರುಗಿ ನೋಡಿ, "ನಿನ್ ಬಾಯಿಗಿಂತ ಬೆನ್ನೇ ವಾಸಿ ಕಣಪ್ಪಾ!" ಎಂದಳು. ನಿಜ ಹೇಳುತ್ತೇನೆ, ಸಭೆಯ ಚಪ್ಪಾಳೆಗೆ ಉಬ್ಬದಷ್ಟು ಉಬ್ಬಿದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಕಚ್ಚೆ ಬಿಗಿದು ಹೆಂಡತಿಯ ಮುಂದೆ ನಿಂತೆ. "ನಿನ್ನದೊಂದು ಮುಯ್ಯಿ ಉಳೀತಲ್ಲ. ಏನ್ ಕೆಲಸ, ಹೇಳು."

"ನಂದೇನಿಲ್ಲ. ಮಲಗಿ, ಸೊಂಟಕ್ಕೆ ಎಣ್ಣೆ ತಿಕ್ತೀನಿ."

ಕಣ್ಣಲ್ಲಿ ನೀರು ಬಂತು. "ಗಂಡನ ಹತ್ರ ಮುಯ್ಯಿ ಕೇಳೋಕೆ ಮನಸ್ಸು ಬರ್ಲಿಲ್ವೇನೇ?"

"ಅದಕ್ಕಲ್ಲ ಕಣ್ರೀ. ಮುಯ್ಯಿ ವಿಷಯದಲ್ಲಿ ಸುಳ್ಳು ಹೇಳ್ಬಾರ್ದು. ನಾನು ಓಟು ಹಾಕಿದ್ದು ಜಯದೇವಪ್ಪಂಗೆ."

ನಾನು ನಿಂತಲ್ಲೇ ಕೂತೆ. "ಯಾಕೇ?"

"ನಿಮ್ಮ ಕೈಲೂ ಕೆಲಸ ಆಗುತ್ತೆ ಅಂತ ನಂಗೇನ್ ಗೊತ್ತಿತ್ತು?" ಎಂದು ಆಕೆ ನನ್ನ ಭುಜ ಸವರಿದಳು. "ಬೇಜಾರ್ ಮಾಡ್ಕೋಬೇಡಿ. ಮುಂದಿನ ಸಲ ನಂದೂ ನಿಮಗೇ. ಸೇತುವೆ ಸುದ್ದಿ ಕೇಳಿ ತವರಿಂದ ಅಣ್ಣ ಕಾಗದ ಬರೆದಿದ್ದಾನೆ. ಅಲ್ಲಿರೋ ಓಟೆಲ್ಲಾ ನಿಮಗೇ ಅಂತೆ. ಒಟ್ಟು ಮೂವತ್ತೆರಡು!"

"ಮೂವತ್ತೆರಡು!" ಸೊಂಟ ಮರೆತು ಎದ್ದು ನಿಂತೆ. "ಅಬ್ಬಾ, ನನ್ನ ಮೇಲೆ ಎಷ್ಟು ಅಭಿಮಾನ!"

"ಹೂಂ," ಎಂದಳು ಮಲ್ಲಿಕಾಂಬ. "ಅವರೂರ ಕೆರೆ ಏರಿ ಒಡೆದುಹೋಗಿದೆ."